ಬಂಪರ್ ಟ್ರಿಮ್ ಕತ್ತರಿಸುವಾಗ ಕರಗುತ್ತಿದ್ದರೆ

ಟ್ರಕ್ಕಿನ ಬಂಪರ್ ಟ್ರಿಮ್ (ಬಂಪರಿನ ಪ್ಲಾಸ್ಟಿಕ್ ಪಟ್ಟಿ) ಗ್ರೈಂಡರ್‌ನಲ್ಲಿ ಕತ್ತರಿಸಿದ ಜಾಗದಲ್ಲಿ ಕರಗಿ ಮತ್ತೆ ಅಂಟಿಕೊಳ್ಳುತ್ತಿದೆ ಅಂದಿದ್ದೀರಿ. ಬಹುಶಃ ಡಿಸ್ಕ್‌ನ ವೇಗವೇ ಕಾರಣ. ಟ್ರಕ್ಕಿನ ಬಂಪರ್ ಟ್ರಿಮ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್, ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ನಿಮ್ಮದೂ ಅದೇನಾ ಅಂತ ತಿಳಿಯಲು ಹಿಂಬದಿಯಲ್ಲಿ ‘ಪಿಪಿ’ (PP) ಗುರುತು ಹುಡುಕಿ.

ಸಾಧ್ಯವಾದರೆ ಟ್ರಿಮ್ ಬಿಚ್ಚಿಕೊಳ್ಳಿ. ಆಗದಿದ್ದರೆ ಹಿಂದೆ ವೈರು, ಸೆನ್ಸರ್ ಇದೆಯಾ ಅಂತ ಮೊದಲು ನೋಡಿ, ಇದನ್ನು ಮಾತ್ರ ಬಿಡಬೇಡಿ. ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಗೆರೆ ಎಳೆಯಿರಿ. ಉದ್ದ ಗೆರೆಗೆ ಜಿಗ್‌ಸಾ (ಬ್ಲೇಡ್ ಮೇಲೆ ಕೆಳಗೆ ಆಡುವ ಕರೆಂಟ್ ಗರಗಸ) ಒಳ್ಳೆಯದು. ಇಂಚಿಗೆ ಸುಮಾರು 10 ಹಲ್ಲಿನ ಬ್ಲೇಡ್ ಹಾಕಿ, ವೇಗ ಕಡಿಮೆ ಇಡಿ, ಬ್ಲೇಡನ್ನು ಹಿಂದೆ ಮುಂದೆಯೂ ಆಡಿಸುವ ಆರ್ಬಿಟಲ್ ಸ್ವಿಚ್ ಸೊನ್ನೆಗೆ ತನ್ನಿ. ಹಲ್ಲಿನ ಸಂದಿಯಲ್ಲಿ ಪ್ಲಾಸ್ಟಿಕ್ ಮೆತ್ತಿಕೊಂಡರೆ ನಿಲ್ಲಿಸಿ, ಬ್ಲೇಡ್ ತಣ್ಣಗಾಗಲಿ. ಸುಮ್ನೆ ಒತ್ತಿದರೆ ಬಿಸಿ ಜಾಸ್ತಿಯಾಗುತ್ತದೆ ಅಷ್ಟೇ. ಮೂಲೆ, ಸಣ್ಣ ತಿರುವುಗಳಿಗೆ ಬಿಡಿ ಹ್ಯಾಕ್‌ಸಾ (ಕಬ್ಬಿಣ ಕೊಯ್ಯುವ ಕೈಗರಗಸ) ಬ್ಲೇಡ್‌ಗೆ ಬಟ್ಟೆ ಸುತ್ತಿ ಕೈಯಲ್ಲೇ ಕೊಯ್ಯಿರಿ. ನಿಧಾನ ನಿಜ, ಆದರೆ ಕೈ ತಪ್ಪುವುದಿಲ್ಲ.

ಗೆರೆಯಿಂದ 2 ಮಿಲಿಮೀಟರ್ ಹೊರಗೇ ಕತ್ತರಿಸಿ. ಉಳಿದದ್ದನ್ನು ಅರದಿಂದ ಉಜ್ಜಿ, ಆಮೇಲೆ 120, ಕೊನೆಗೆ 220 ನಂಬರ್ ಉಪ್ಪುಕಾಗದ ಹಾಕಿ. ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಂಡೇ ಶುರು ಮಾಡಿ.