ಸಭೆ ನಡೆಸಿದರೆ ಯುದ್ಧ ನಿಲ್ಲುತ್ತದೆಯೇ?

ಪ್ರಿಯ ಓದುಗರೇ,

ಶಾಂತಿ ಸಂಧಾನದ ಬಗ್ಗೆ ನಡೆದ ಒಂದು ಸಾರ್ವಜನಿಕ ಸಭೆಗೆ ಹೋಗಿ ಬಂದು ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಎರಡು ಗಂಟೆ ಭಾಷಣ, ಆಮೇಲೆ ಚಪ್ಪಾಳೆ. ಮನೆಗೆ ಬಂದು ಟಿವಿ ಹಾಕಿದರೆ ಅದೇ ಬಾಂಬು, ಅದೇ ಹೊಗೆ. “ಇಂಥ ಸಭೆಗಳಿಂದ ಒಂದು ಗುಂಡಾದರೂ ನಿಂತಿದೆಯೇ? ಇವುಗಳ ಪ್ರಕಟಣೆಯನ್ನು ನೀವು ಸುಮ್ನೆ ಯಾಕೆ ಹಾಕುತ್ತೀರಿ?” ಎಂದು ಕೇಳಿದ್ದೀರಿ.

ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಜನ ತುಂಬಿದ ಸಭಾಂಗಣದಲ್ಲಿ ಸಂಧಾನ ಆಗುವುದಿಲ್ಲ. 1978ರಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಈಜಿಪ್ಟಿನ ನಾಯಕ ಸಾದತ್ ಮತ್ತು ಇಸ್ರೇಲಿನ ನಾಯಕ ಬೆಗಿನ್ ಅವರನ್ನು ಸಂಧಾನಕ್ಕೆಂದು ತಮ್ಮ ವಿಶ್ರಾಂತಿಧಾಮ ಕ್ಯಾಂಪ್ ಡೇವಿಡ್‌ನಲ್ಲಿ 13 ದಿನ ಇರಿಸಿಕೊಂಡಾಗ ಪತ್ರಕರ್ತರನ್ನು ದೂರವೇ ಇಟ್ಟಿದ್ದರು. 1993ರಲ್ಲಿ ಇಸ್ರೇಲ್ ಮತ್ತು ಪ್ಯಾಲೆಸ್ತೀನಿಯರ ನಡುವಿನ ಓಸ್ಲೊ ಮಾತುಕತೆ ನಡೆಯುತ್ತಿದೆ ಎಂಬುದೇ ತಿಂಗಳುಗಟ್ಟಲೆ ಹೊರಗೆ ಗೊತ್ತಿರಲಿಲ್ಲ. ತನ್ನವರೆಲ್ಲ ನೋಡುತ್ತಾ ಕೂತಿರುವಾಗ ಯಾವ ನಾಯಕನಿಗೂ ಪಟ್ಟು ಸಡಿಲಿಸಲು ಧೈರ್ಯ ಬರುವುದಿಲ್ಲ.

ಆದರೆ ಕೋಣೆಯೊಳಗೆ ಬರೆದ ಒಪ್ಪಂದ ಒಂದು ದಿನ ಹೊರಗೆ ಬರಲೇಬೇಕು, ಅಲ್ವಾ? ಆಗ ಹೊರಗಿನವರು “ಇದನ್ನು ಬರೆಯುವಾಗ ನಮ್ಮನ್ನು ಯಾರು ಕೇಳಿದರು?” ಎಂದರೆ ಏನು ಮಾಡುವುದು?

ಉತ್ತರ ಐರ್ಲೆಂಡಿನ ಒಂದು ಕಥೆ ಹೇಳುತ್ತೇನೆ. ನನಗೆ ತುಂಬಾ ಹತ್ತಿರವಾದದ್ದು ಇದು. ಹೆಚ್ಚಾಗಿ ಬ್ರಿಟನ್ನಿನಲ್ಲೇ ಉಳಿಯಬೇಕೆನ್ನುವ ಪ್ರಾಟೆಸ್ಟಂಟರು ಮತ್ತು ಐರ್ಲೆಂಡಿಗೆ ಸೇರಬೇಕೆನ್ನುವ ಕ್ಯಾಥೊಲಿಕರು, ಈ ಎರಡು ಸಮುದಾಯಗಳ ನಡುವೆ ಅಲ್ಲಿ ದಶಕಗಳಿಂದ ಹಿಂಸೆ ನಡೆದಿತ್ತು. 1992ರಲ್ಲಿ ಅಲ್ಲಿ ಪಕ್ಷಗಳ ಮಾತುಕತೆ ಮುಂದೆ ಸಾಗುತ್ತಿರಲಿಲ್ಲ. ನಾಯಕರಿಂದ ಆಗದಿದ್ದರೆ ಜನರನ್ನೇ ಕೇಳೋಣ ಎಂದು ಕೆಲವು ನಾಗರಿಕರು ಹೊರಟರು. ನಾರ್ವೆಯ ಕಾನೂನು ಪಂಡಿತ ಟೊರ್ಕೆಲ್ ಓಪ್ಸಾಲ್ ಅವರ ಅಧ್ಯಕ್ಷತೆಯಲ್ಲಿ ಒಂದು ಆಯೋಗ ಮಾಡಿದರು. ಸರ್ಕಾರದ ಆಯೋಗವಲ್ಲ, ಜನರೇ ಮಾಡಿಕೊಂಡದ್ದು. 1993ರಲ್ಲಿ ಅದು ಊರೂರಿಗೆ ಹೋಗಿ ಬಹಿರಂಗ ಸಭೆ ನಡೆಸಿತು. ಶಾಲೆಯ ಮಕ್ಕಳನ್ನೂ ಕೂರಿಸಿಕೊಂಡು ಕೇಳಿತು. ಸುಮಾರು 3,000 ಜನರ ಪರವಾಗಿ 500ಕ್ಕೂ ಜಾಸ್ತಿ ಅಹವಾಲುಗಳು ಬಂದವು. ಐರ್ಲೆಂಡಿಗೆ ಸೇರಲು ಬಂದೂಕು ಹಿಡಿದವರ ಜೊತೆ ನಂಟಿದ್ದ ಸಿನ್ ಫೇನ್ ಪಕ್ಷದವರ ದನಿಯನ್ನು ಬ್ರಿಟನ್ನಿನ ರೇಡಿಯೊ, ಟಿವಿಯಲ್ಲಿ ಕೇಳಿಸುವುದಕ್ಕೇ ನಿಷೇಧವಿದ್ದ ಕಾಲ ಅದು. ಟಿವಿಯಲ್ಲಿ ಅವರ ಮುಖ ಕಾಣುತ್ತಿತ್ತು, ಮಾತನ್ನು ನಟರು ಓದುತ್ತಿದ್ದರು! ಅಂಥ ಹೊತ್ತಿನಲ್ಲಿ ಪಕ್ಕದ ಬೀದಿಯವರು ಏನು ಹೇಳುತ್ತಾರೆಂದು ಬಾಯಿಮುಚ್ಚಿ ಕೇಳುವುದೇ ದೊಡ್ಡ ಕೆಲಸ.

ಗುಂಡು ನಿಂತಿತೇ? ಇಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಬೆಲ್‌ಫಾಸ್ಟಿನ ಶ್ಯಾಂಕಿಲ್ ರಸ್ತೆಯ ಮೀನಿನ ಅಂಗಡಿಯಲ್ಲಿ ಬಾಂಬು ಸಿಡಿಯಿತು. ನಿಮ್ಮ ಲೆಕ್ಕದಲ್ಲಿ ಆ ಸಭೆಗಳೆಲ್ಲ ದಂಡ. ಆದರೆ ಓಪ್ಸಾಲ್ ವರದಿಯಲ್ಲಿ ಎದ್ದು ಕಂಡ ಒಂದು ಮಾತಿದೆ: ಎರಡೂ ಸಮುದಾಯಗಳಿಗೆ ಸಮಾನ ಮನ್ನಣೆ. ಐದು ವರ್ಷದ ನಂತರ, 1998ರ ಏಪ್ರಿಲ್ 10ರ ಶಾಂತಿ ಒಪ್ಪಂದದಲ್ಲೂ ಆ ಮಾತು ಇದೆ. ಆ ಒಪ್ಪಂದದ ಪ್ರತಿಯನ್ನು ಮನೆಮನೆಗೆ ಕಳಿಸಿದರು. ಮೇ ತಿಂಗಳ ಜನಮತದಲ್ಲಿ ಶೇ. 71 ಜನ ಹೂಂ ಅಂದರು. ಸಭೆಗಳಿಂದಲೇ ಹೀಗಾಯಿತು ಎಂದು ನಾನು ಹೇಳುತ್ತಿಲ್ಲ. ಕದನವಿರಾಮಗಳು ಬೇಕಾದವು, ಮಾತುಕತೆಯ ಅಧ್ಯಕ್ಷತೆ ವಹಿಸಿದ್ದ ಅಮೆರಿಕದ ಜಾರ್ಜ್ ಮಿಚೆಲ್ ಅವರ ತಾಳ್ಮೆ ಬೇಕಾಯಿತು. ಆದರೆ ಒಪ್ಪಂದ ಕೈಗೆ ಬಂದಾಗ ಅದರ ಮಾತು ಜನರಿಗೆ ಹೊಸದಾಗಿರಲಿಲ್ಲ.

ಇನ್ನು ಕೊಲಂಬಿಯಾ. ಕ್ಯೂಬಾದ ಹವಾನಾದಲ್ಲಿ ಸರ್ಕಾರ ಮತ್ತು ಫಾರ್ಕ್ ಬಂಡುಕೋರರು ನಾಲ್ಕು ವರ್ಷ ಮಾತಾಡಿದರು. 2014ರಲ್ಲಿ ಹಿಂಸೆಗೆ ಸಿಕ್ಕಿದ 60 ಜನರನ್ನು ಐದು ತಂಡಗಳಲ್ಲಿ ಅಲ್ಲಿಗೆ ಕರೆಸಿ ಅವರ ನೋವನ್ನು ಎರಡೂ ಕಡೆಯವರು ಎದುರುಬದುರು ಕೂತು ಕೇಳಿದರು. ಇದು ಸಣ್ಣ ಮಾತಲ್ಲ. ಆದರೂ 2016ರ ಅಕ್ಟೋಬರ್ 2ರ ಜನಮತದಲ್ಲಿ ಒಪ್ಪಂದ ಕೂದಲೆಳೆಯಲ್ಲಿ ಸೋತಿತು. ಶೇ. 60ಕ್ಕೂ ಜಾಸ್ತಿ ಮತದಾರರು ಮತಗಟ್ಟೆಗೇ ಬರಲಿಲ್ಲ. ಬೊಹಾಯಾ ಎಂಬ ಊರಿನಲ್ಲಿ ಮಾತ್ರ ಶೇ. 96 ಜನ ಒಪ್ಪಿದ್ದರು. 2002ರಲ್ಲಿ ಚರ್ಚಿನಲ್ಲಿ ಅವಿತು ಕೂತಿದ್ದ ಅಲ್ಲಿನ ಜನರ ಮೇಲೆ ಫಾರ್ಕ್‌ನದೇ ಬಾಂಬು ಬಿದ್ದಿತ್ತು. ಅವರು ಒಪ್ಪಿದರು. ಯುದ್ಧವನ್ನು ದೂರದಿಂದ ನೋಡಿದ ಎಷ್ಟೋ ಜನ ಮನೆಯಲ್ಲೇ ಉಳಿದರು. ಒಪ್ಪಂದವನ್ನು ತಿದ್ದಿ ನವೆಂಬರಿನಲ್ಲಿ ಮತ್ತೆ ಸಹಿ ಹಾಕಬೇಕಾಯಿತು. ಆ ದೂರದವರ ಜೊತೆ ಯಾರು ಮಾತಾಡಬೇಕಿತ್ತು? ನನ್ನ ಮಟ್ಟಿಗೆ ಸಾರ್ವಜನಿಕ ಸಭೆಯ ಕೆಲಸ ಇರುವುದೇ ಇಲ್ಲಿ.

ನೀವು ಹೋದ ಸಭೆ ಆ ಕೆಲಸ ಮಾಡಲಿಲ್ಲ ಎಂದು ಪತ್ರದಿಂದ ಗೊತ್ತಾಗುತ್ತದೆ. ವೇದಿಕೆಯಲ್ಲಿ ಮೂವರು ತಜ್ಞರು, ಪ್ರಶ್ನೆಗಳಿಗೆ ಐದೇ ನಿಮಿಷ. ಯುದ್ಧದೊಳಗೆ ಬದುಕಿದವರು ಒಬ್ಬರೂ ಇಲ್ಲ. ಇದನ್ನು ನಾನು ಸಮರ್ಥಿಸುವುದಿಲ್ಲ. ಮುಂದಿನ ಸಂಚಿಕೆಯಿಂದ, ವೇದಿಕೆಯಲ್ಲಿ ಯಾರಿರುತ್ತಾರೆ, ಕೇಳುಗರಿಗೆ ಎಷ್ಟು ಸಮಯ ಎಂದು ವಿಚಾರಿಸಿಯೇ ಪ್ರಕಟಣೆ ಹಾಕುತ್ತೇವೆ.

ನಿಮ್ಮದೊಂದು ಸಹಾಯ ಬೇಕು. ಇನ್ನೊಂದು ಸಭೆಗೆ ಹೋಗಿ. ಯಾವ ದೇಶದ ಮಾತುಕತೆಯ ಬಗ್ಗೆಯೇ ಇರಲಿ, ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ಆ ಮೇಜಿನ ಸುತ್ತ ಯಾರು ಇಲ್ಲ? 2003ರಲ್ಲಿ ಲೈಬೀರಿಯಾದ ಮಾತುಕತೆ ಘಾನಾದ ಆಕ್ರಾದಲ್ಲಿ ನಡೆದಾಗ ಮೇಜಿನ ಸುತ್ತ ಇಲ್ಲದವರು ಹೆಂಗಸರು. ಲೈಬೀರಿಯಾದ ಶಾಂತಿ ಹೋರಾಟಗಾರ್ತಿ ಲೇಮಾ ಬೊವೀ ಮತ್ತು ಅವರ ಜೊತೆಗಾರ್ತಿಯರು ಸಭಾಂಗಣದ ಬಾಗಿಲಿಗೆ ಅಡ್ಡ ಕೂತು, ಮಾತು ಮುಗಿಸದೆ ಹೊರಗೆ ಬಿಡುವುದಿಲ್ಲ ಎಂದು ಹಟ ಹಿಡಿದರು. ಆಗಸ್ಟ್ 18ರಂದು ಒಪ್ಪಂದವಾಯಿತು.

ನಿಮಗೆ ಅಲ್ಲಿ ಏನು ಉತ್ತರ ಸಿಕ್ಕಿತು ಎಂದು ಬರೆಯಿರಿ. ಪೂರ್ತಿ ಪತ್ರ ಹಾಕುತ್ತೇವೆ.

– ಸಂಪಾದಕ