ಗಿರ್ಮಿಟ್ ಡಿಗ್ರಿಗೆ ಸೇರಬಹುದಾ?

ಪ್ರಶ್ನೆ: ನಾನು ಸೆಕೆಂಡ್ ಪಿಯುಸಿ, ಪಿಸಿಎಂಬಿ. ನಮ್ಮದು ಮೆಣಸಿನಕಾಯಿ, ಹತ್ತಿ ಬೆಳೆಯುವ ಮನೆ. ನನಗೆ ಬಯಾಲಜಿನೂ ಇಷ್ಟ, ಫಿಸಿಕ್ಸೂ ಇಷ್ಟ. ಡಾಕ್ಟರ್ ಆಗುವ ಆಸೆಯಿಲ್ಲ. ಐಐಟಿ ಧಾರವಾಡದಲ್ಲಿ ‘ಇಂಟರ್‌ಡಿಸಿಪ್ಲಿನರಿ ಸೈನ್ಸಸ್’ ಅನ್ನುವ ಐದು ವರ್ಷದ ಬಿಎಸ್-ಎಂಎಸ್ (ಡಿಗ್ರಿ, ಮಾಸ್ಟರ್ಸ್ ಎರಡೂ ಒಟ್ಟಿಗೆ) ಕೋರ್ಸ್ ಇರುವುದನ್ನು ನೋಡಿದೆ. ಅಪ್ಪ ಅದನ್ನು ‘ಗಿರ್ಮಿಟ್ ಡಿಗ್ರಿ’ ಅಂತ ನಗುತ್ತಾರೆ. ಎಲ್ಲಾ ಚೂರುಚೂರು ಕಲಿತವರಿಗೆ ಕೆಲಸ ಯಾರು ಕೊಡುತ್ತಾರೆ ಅಂತ ಕೇಳುತ್ತಾರೆ. ಏನು ಹೇಳಲಿ?
— ವಿದ್ಯಾರ್ಥಿನಿ, ಅಣ್ಣಿಗೇರಿ

ಉತ್ತರ: ನಿಮ್ಮ ಅಪ್ಪನ ಮಾತು ನನಗೆ ಬಹಳ ಹಿಡಿಸಿತು. ಆದರೆ ಗಿರ್ಮಿಟ್ ಕಲಸುವವರ ಕೈ ನೋಡಿದ್ದೀರಲ್ಲ? ಚುರುಮರಿ ರಾಶಿ ಬೀಳುತ್ತದೆ. ಈರುಳ್ಳಿ, ಹುಣಸೆಹುಳಿ, ಪುಟಾಣಿ ಹಿಟ್ಟು ಎಲ್ಲಾ ಅದರ ಮೇಲೆ. ಎಲ್ಲವನ್ನೂ ಸಮಸಮ ಹಾಕಿದರೆ ಧಾರವಾಡದಲ್ಲಿ ಯಾರೂ ತಿನ್ನುವುದಿಲ್ಲ. ನೀವು ಕೇಳಬೇಕಾದ ಪ್ರಶ್ನೆಯೂ ಅದೇ: ಈ ಡಿಗ್ರಿಯಲ್ಲಿ ಚುರುಮರಿ ಯಾವುದು?

ಅದು ಬ್ರೋಷರ್‌ನಲ್ಲಿ ಸಿಗುವುದಿಲ್ಲ. ಬ್ರೋಷರ್‌ನಲ್ಲಿ ಬರೀ ನಗುವ ಹುಡುಗರು, ಹಸಿರು ಹುಲ್ಲು. ಕಾಲೇಜಿನ ವೆಬ್‌ಸೈಟಿನಲ್ಲಿ ‘ಕರಿಕ್ಯುಲಮ್’ ಅನ್ನುವ ಬೇಜಾರಿನ ಪಿಡಿಎಫ್ ಇರುತ್ತದೆ, ಅದನ್ನು ತೆಗೆಯಿರಿ. ಪ್ರತಿ ಸೆಮಿಸ್ಟರ್‌ನಲ್ಲಿ ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್ ಅಂತ ಪೆನ್ಸಿಲ್ ಹಿಡಿದು ಕೂಡಿಸಿ. ಗಣಿತಕ್ಕೆ ಎಷ್ಟು, ಲ್ಯಾಬ್‌ಗೆ ಎಷ್ಟು, ನೀವೇ ಆರಿಸಿಕೊಳ್ಳಲು ಬಿಟ್ಟದ್ದು ಎಷ್ಟು? ಮೂರನೇ ವರ್ಷದ ಹೊತ್ತಿಗೆ ಒಂದು ವಿಷಯದಲ್ಲಿ ಆಳಕ್ಕೆ ಇಳಿಯುವ ದಾರಿ ಕಂಡರೆ ಅದು ಒಳ್ಳೆಯ ಕೋರ್ಸ್. ಕೊನೆಯ ವರ್ಷದ ತನಕ ‘ಇಂಟ್ರೊಡಕ್ಷನ್ ಟು’ ಅಂತಲೇ ಶುರುವಾಗುವ ಪೇಪರ್‌ಗಳಿದ್ದರೆ ಅಪ್ಪ ಹೇಳಿದ್ದು ಸರಿ.

ಇಂಥ ಓದು ಯಾಕೆ ಬೇಕು ಅನ್ನುವುದನ್ನು ಅಪ್ಪನಿಗೆ ತಿಳಿಸಲು ನಿಮ್ಮ ಹೊಲ ಸಾಕು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರಿನದೇ ಬೆಳೆ ಅನ್ನುವ ಗುರುತು, ಬಂತು. ಅದಕ್ಕೆ ಬೆಲೆ ಖಾರದಿಂದಲ್ಲ, ಬಣ್ಣದಿಂದ. ಆ ಬಣ್ಣದಲ್ಲಿ ಮುಖ್ಯವಾದದ್ದು ಕ್ಯಾಪ್ಸಾಂತಿನ್ ಅನ್ನುವ ರಾಸಾಯನಿಕ. ಬಿಸಿಲು, ಗಾಳಿ ಜಾಸ್ತಿ ತಾಗಿದರೆ ಅದು ಮಾಸುತ್ತದೆ. ಬ್ಯಾಡಗಿಯಲ್ಲಿ ಅಷ್ಟೊಂದು ಕೋಲ್ಡ್ ಸ್ಟೋರೇಜ್ ಎದ್ದದ್ದು ಸುಮ್ನೆ ಅಲ್ಲ. ಇನ್ನು ಕಣದಲ್ಲಿ ಹರವಿದ ಕಾಯಿ ಬೇಗ ಒಣಗದೆ, ನಡುವೆ ಒಂದು ಮಳೆ ಬಿದ್ದರೆ ಏನಾಗುತ್ತದೆ ಅಂತ ಅಪ್ಪನಿಗೆ ಗೊತ್ತು: ಬೂಷ್ಟು. ಆಸ್ಪರ್ಜಿಲಸ್ ಜಾತಿಯ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತವೆ. ಅದರ ಪ್ರಮಾಣ ಮಿತಿ ಮೀರಿದರೆ ಹೊರದೇಶದವರು ಮಾಲು ವಾಪಸ್ ಕಳಿಸುತ್ತಾರೆ.

ಈಗ ಒಂದು ಒಳ್ಳೆಯ ಡ್ರೈಯರ್ ಮಾಡಬೇಕು ಅಂದುಕೊಳ್ಳಿ. ಕಾಯಿಯ ಒಳಗಿನ ನೀರು ಸಿಪ್ಪೆ ದಾಟಿ ಹೊರಗೆ ಬರುವ ವೇಗ ಫಿಸಿಕ್ಸ್. ಎಷ್ಟು ಬಿಸಿಗೆ ಬಣ್ಣ ಕೆಡುತ್ತದೆ ಅನ್ನುವುದು ಕೆಮಿಸ್ಟ್ರಿ. ಬೂಷ್ಟು ಯಾವ ತೇವಕ್ಕೆ ಎದ್ದು ಕೂರುತ್ತದೆ ಅನ್ನುವುದು ಬಯಾಲಜಿ. ಒಣಗಿದ ಮೇಲೆ ಕ್ಯಾಮೆರಾ ಇಟ್ಟು ಬಿಳಿಚಿದ ಕಾಯಿ ಬೇರೆ ಮಾಡಬೇಕೆಂದರೆ ಗಣಿತ ಮತ್ತು ಕಂಪ್ಯೂಟರ್. ಮೆಕ್ಯಾನಿಕಲ್ ಎಂಜಿನಿಯರ್ ಒಬ್ಬನೇ ಮಾಡಿದರೆ ಡ್ರೈಯರ್ ಜೋರಾಗಿ ಒಣಗಿಸುತ್ತದೆ, ಬಣ್ಣ ಹೋಗಿರುತ್ತದೆ. ಕೆಮಿಸ್ಟ್ ಒಬ್ಬನೇ ಮಾಡಿದರೆ ಬಣ್ಣ ಉಳಿಯುತ್ತದೆ, ಕರೆಂಟ್ ಬಿಲ್ ನೋಡಿ ರೈತ ಓಡಿಹೋಗುತ್ತಾನೆ. ಇಬ್ಬರ ಮಾತೂ ತಿಳಿಯುವವರು ಬೇಕು, ಅಲ್ವಾ?

ವಿಜ್ಞಾನಿ ವೆಂಕಿ ರಾಮಕೃಷ್ಣನ್ ಬರೋಡಾದಲ್ಲಿ ಫಿಸಿಕ್ಸ್ ಬಿಎಸ್ಸಿ ಮಾಡಿದರು. ಅಮೆರಿಕದಲ್ಲಿ ಪಿಎಚ್‌ಡಿ ಕೂಡ ಫಿಸಿಕ್ಸ್‌ನಲ್ಲೇ, 1976ರಲ್ಲಿ. ಆಮೇಲೆ ಮತ್ತೆ ವಿದ್ಯಾರ್ಥಿಯಾಗಿ ಬಯಾಲಜಿ ಕ್ಲಾಸಿನಲ್ಲಿ ಕೂತರು. 2009ರಲ್ಲಿ ನೊಬೆಲ್ ಬಂದದ್ದು ಕೆಮಿಸ್ಟ್ರಿಗೆ. ಇದನ್ನು ಹೇಳಿದರೆ ಹುಡುಗರು ನಗುತ್ತಾರೆ. ಆದರೆ ಗಮನಿಸಿ, ಅವರು ಫಿಸಿಕ್ಸ್ ಗಟ್ಟಿ ಮಾಡಿಕೊಂಡೇ ಬೇಲಿ ಹಾರಿದ್ದು.

ಸೇರುವ ದಾರಿ ಹೇಳುತ್ತೇನೆ. ಐಐಟಿ ಧಾರವಾಡಕ್ಕೆ ಜೆಇಇ ಅಡ್ವಾನ್ಸ್ಡ್ ಬೇಕು. ಆ ಪರೀಕ್ಷೆಯಲ್ಲಿ ಬಯಾಲಜಿ ಇಲ್ಲ, ಗಣಿತ ಬಿಡುವ ಹಾಗಿಲ್ಲ. ನಿಮ್ಮಂಥ ಪಿಸಿಎಂಬಿಯವರಿಗೆ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳ ಪರೀಕ್ಷೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಅದರ ಹೆಸರು ಐಎಟಿ: 60 ಪ್ರಶ್ನೆ, ನಾಲ್ಕು ವಿಷಯಕ್ಕೂ ತಲಾ 15. ಪುಣೆ, ತಿರುಪತಿ, ತಿರುವನಂತಪುರ ಸೇರಿ ಏಳು ಐಸರ್‌ಗಳಿವೆ. ಬೆಂಗಳೂರಿನ ಐಐಎಸ್ಸಿಯ ನಾಲ್ಕು ವರ್ಷದ ಬಿಎಸ್ 2011ರಿಂದ ನಡೆಯುತ್ತಿದೆ, ಅದಕ್ಕೂ ಅರ್ಜಿ ಹಾಕಿ.

ಕೆಲಸದ ಮಾತು ಮುಚ್ಚಿಡುವುದಿಲ್ಲ. ಬಿಎಸ್-ಎಂಎಸ್ ಮಾಡಿದವರಲ್ಲಿ ಬಹಳ ಮಂದಿ ಪಿಎಚ್‌ಡಿ ಕಡೆ ಹೋಗುತ್ತಾರೆ. ನೆಟ್ ಅನ್ನುವ ರಾಷ್ಟ್ರೀಯ ಪರೀಕ್ಷೆ ಪಾಸಾಗಿ ಜೆಆರ್‌ಎಫ್ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ, ಮೇಲೆ ಎಚ್‌ಆರ್‌ಎ. ಹೊಟ್ಟೆ ತುಂಬುತ್ತದೆ, ಆದರೆ ಬೆಂಗಳೂರಿನ ಸಾಫ್ಟ್‌ವೇರ್ ಸಂಬಳ ಅಲ್ಲ. ಮನೆಯಲ್ಲಿ ಸಾಲ ಇದ್ದು ಡಿಗ್ರಿ ಮುಗಿದ ಮರುತಿಂಗಳೇ ದುಡ್ಡು ಬೇಕಾದರೆ ಇದು ನಿಮಗಲ್ಲ. ಅದನ್ನು ಅಪ್ಪನ ಹತ್ತಿರ ಈಗಲೇ ಕೂತು ಮಾತಾಡಿ. ಅಂಥ ಅವಸರ ಇಲ್ಲದಿದ್ದರೆ ನಾನಂತೂ ಸೇರಿ ಅಂತಲೇ ಹೇಳುತ್ತೇನೆ.

ಪ್ರಶ್ನೆ: ಮಗಳು ಬಿಎಸ್ಸಿ ಅಗ್ರಿ ಅಂತ ಹಟ ಹಿಡಿದಿದ್ದಾಳೆ. ಮನೆಯವರು ‘ಹೊಲ ಮಾಡೋಕೆ ಡಿಗ್ರಿ ಯಾಕೆ, ಬಯೋಟೆಕ್ ಎಂಜಿನಿಯರಿಂಗ್ ಮಾಡಲಿ’ ಅನ್ನುತ್ತಾರೆ. ಯಾವುದು ಸರಿ?
— ಒಬ್ಬ ತಾಯಿ, ರಾಣೆಬೆನ್ನೂರು

ಉತ್ತರ: ಹಲವು ವಿಷಯ ಕಲಸಿದ ಡಿಗ್ರಿ ಅಂತ ಇವತ್ತು ಎಲ್ಲರೂ ಮಾತಾಡುತ್ತಾರೆ. ಬಿಎಸ್ಸಿ ಅಗ್ರಿ ಹಿಂದಿನಿಂದಲೂ ಹಾಗೇ ಇದೆ, ಯಾರೂ ಅದಕ್ಕೆ ದೊಡ್ಡ ಹೆಸರಿಡಲಿಲ್ಲ ಅಷ್ಟೇ. ಮಣ್ಣು, ಹುಳ, ರೋಗ, ತಳಿ, ಹವಾಮಾನ, ಸ್ಟ್ಯಾಟಿಸ್ಟಿಕ್ಸ್, ಅರ್ಥಶಾಸ್ತ್ರ ಎಲ್ಲಾ ಒಂದೇ ಕೋರ್ಸಿನಲ್ಲಿ. ಕೊನೆಯ ವರ್ಷ ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಒಂದು ಕಾಲೇಜು ನಿಮ್ಮ ಪಕ್ಕದ ಹನುಮನಮಟ್ಟಿಯಲ್ಲೇ ಇದೆ. ಒಮ್ಮೆ ಮನೆಯವರನ್ನು ಕರೆದುಕೊಂಡು ಹೋಗಿ ಬನ್ನಿ.

ನಿಮ್ಮ ಊರಿನ ಸುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ ಹೆಣ್ಣುಮಕ್ಕಳು ಕ್ರಾಸಿಂಗ್ ಮಾಡುವುದನ್ನು ನೀವೇ ನೋಡಿರುತ್ತೀರಿ. ಮಧ್ಯಾಹ್ನದ ಮೇಲೆ ಹತ್ತಿಯ ಮೊಗ್ಗು ಬಿಡಿಸಿ ಗಂಡು ಭಾಗ ತೆಗೆಯುತ್ತಾರೆ. ಮರುದಿನ ಬೆಳಿಗ್ಗೆ ಬೇರೆ ಗಿಡದ ಹೂವಿನ ಪರಾಗ ಮುಟ್ಟಿಸುತ್ತಾರೆ. ಒಂದೊಂದೇ ಹೂವಿಗೆ, ಉಗುರಿನ ತುದಿಯಲ್ಲಿ. ಆ ಕೆಲಸದ ಹಿಂದೆ ಧಾರವಾಡದ ಒಂದು ಕಥೆ ಇದೆ. 1972ರಲ್ಲಿ ಬಿ.ಎಚ್. ಕಟರ್ಕಿ ಅವರು ಇಲ್ಲಿನ ಸಂಶೋಧನಾ ಕೇಂದ್ರದಲ್ಲಿ ಎರಡು ಬೇರೆ ಬೇರೆ ಜಾತಿಯ ಹತ್ತಿ ಕೂಡಿಸಿ ‘ವರಲಕ್ಷ್ಮಿ’ ತಳಿ ಕೊಟ್ಟರು. 1981ರಲ್ಲಿ ‘ಜಯಲಕ್ಷ್ಮಿ’, ಅಂದರೆ ಡಿಸಿಎಚ್-32 ಬಂತು. ಹೊಲ ಮಾಡೋಕೆ ಡಿಗ್ರಿ ಯಾಕೆ ಅನ್ನುವವರಿಗೆ ಈ ಎರಡು ಹೆಸರು ಹೇಳಿ.

ಬಯೋಟೆಕ್ ಎಂಜಿನಿಯರಿಂಗ್ ಕೆಟ್ಟದ್ದಲ್ಲ. ಆದರೆ ಅದಕ್ಕೆ ಗಣಿತ, ಫಿಸಿಕ್ಸ್ ಮೇಲೆ ಪ್ರೀತಿ ಬೇಕು. ಪಿಯುಸಿಯಲ್ಲಿ ಬಯಾಲಜಿ ಓದದವರೂ ಅಲ್ಲಿ ಬಂದು ಕೂರುತ್ತಾರೆ. ನಿಮ್ಮ ಮಗಳಿಗೆ ಗಿಡದ ಹುಚ್ಚು ಇದ್ದರೆ ರಿಯಾಕ್ಟರ್ ಟ್ಯಾಂಕಿನ ಲೆಕ್ಕ ಬೇಸರ ತರಿಸಬಹುದು. ಇನ್ನೊಂದು ಮಾತು. ಬಿಎಸ್ಸಿ ಅಗ್ರಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಗೊಬ್ಬರ, ಸಲಕರಣೆ ನೋಡಿದ ಕೂಡಲೇ ಗುರುತು ಹಿಡಿಯಬೇಕು. ಹೊಲಕ್ಕೆ ಹೋಗದೆ ಬರೀ ಪುಸ್ತಕ ಓದಿದ ರೈತರ ಮಕ್ಕಳು ಇಲ್ಲಿ ತಡವರಿಸುತ್ತಾರೆ. ಪಹಣಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ.

ಪ್ರಶ್ನೆ: ‘ರೋಬೋಟಿಕ್ಸ್ ಅಂಡ್ ಎಐ’ ಬ್ರಾಂಚ್ ತಗೊಳ್ಳಲಾ, ಮೆಕ್ಯಾನಿಕಲ್ ತಗೊಳ್ಳಲಾ? ಅಪ್ಪನಿಗೆ ನಾನು ಸರ್ಕಾರಿ ಎಂಜಿನಿಯರ್ ಆಗಬೇಕು.
— ಹುಬ್ಬಳ್ಳಿ

ಉತ್ತರ: ಅಪ್ಪನ ಆಸೆಗೆ ಈ ಎರಡೂ ಅಷ್ಟು ಸಹಾಯ ಮಾಡುವುದಿಲ್ಲ. ಲೋಕೋಪಯೋಗಿ ಇಲಾಖೆಯ ಎಇ (ಸಹಾಯಕ ಎಂಜಿನಿಯರ್) ಹುದ್ದೆಗೆ ಸಿವಿಲ್ ಕೇಳುತ್ತಾರೆ, ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್‌ನಲ್ಲಿ ಹೆಚ್ಚಿನವು ಎಲೆಕ್ಟ್ರಿಕಲ್. ಅರ್ಜಿಯಲ್ಲಿ ಬ್ರಾಂಚ್ ಹೆಸರು ಹೊಂದದಿದ್ದರೆ ‘ಇದು ಅದಕ್ಕೆ ಸಮ’ ಅಂತ ಪತ್ರ ತರಲು ಅಲೆಯಬೇಕಾಗುತ್ತದೆ. ಸರ್ಕಾರಿ ಕೆಲಸವೇ ಗುರಿಯಾದರೆ ಹಳೆಯ ಹೆಸರಿನ ಬ್ರಾಂಚ್ ಹಿಡಿಯಿರಿ. ನಿಮಗೇ ರೋಬೋಟ್ ಇಷ್ಟವಾದರೆ ಕಾಲೇಜಿಗೆ ಹೋಗಿ ಲ್ಯಾಬ್ ತೋರಿಸಿ ಅನ್ನಿ. ಸೆಮಿನಾರ್ ಹಾಲ್ ತೋರಿಸಿದರೆ ಮತ್ತೊಮ್ಮೆ ಲ್ಯಾಬ್ ಅನ್ನಿ. ಅಲ್ಲಿ ಮೂರನೇ ವರ್ಷದ ಹುಡುಗ ಯಾರಾದರೂ ಕೈ ಮಸಿ ಮಾಡಿಕೊಂಡು ನಿಂತಿದ್ದರೆ ಅವನ ಹತ್ತಿರ ಚಹಾ ಕುಡಿಯುತ್ತಾ ಮಾತಾಡಿ. ಪ್ರಿನ್ಸಿಪಾಲರಿಗಿಂತ ಅವನು ನಿಜ ಹೇಳುತ್ತಾನೆ.

ಪ್ರಶ್ನೆ: ನಮಗೆ ದುಡ್ಡಿಲ್ಲ. ಗದಗದಲ್ಲೇ ಸರ್ಕಾರಿ ಕಾಲೇಜಿನಲ್ಲಿ ಫಿಸಿಕ್ಸ್, ಗಣಿತ ತೆಗೆದುಕೊಂಡು ಬಿಎಸ್ಸಿ ಮಾಡುತ್ತೇನೆ. ನನಗೆ ಈ ಹೊಸ ಬಾಗಿಲೆಲ್ಲ ಮುಚ್ಚಿದಂತೆಯೇ?
— ಗದಗ

ಉತ್ತರ: ಇಲ್ಲವೇ ಇಲ್ಲ. ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಬಂದಿದೆ. ಮುಗಿಸಿ ‘ಜಾಮ್’ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಐಐಟಿಗಳಲ್ಲಿ ಎಂಎಸ್ಸಿ, ಐಐಎಸ್ಸಿಯಲ್ಲಿ ಇಂಟಿಗ್ರೇಟೆಡ್ ಪಿಎಚ್‌ಡಿಗೆ ದಾರಿ ಇದೆ. ಐಐಟಿ ಮದ್ರಾಸ್ 2021ರಲ್ಲಿ ಶುರು ಮಾಡಿದ ಡೇಟಾ ಸೈನ್ಸ್ ಬಿಎಸ್ ಅನ್ನು ಮನೆಯಿಂದಲೇ ಓದಬಹುದು, ಪರೀಕ್ಷೆಗೆ ಮಾತ್ರ ಕೇಂದ್ರಕ್ಕೆ ಹೋಗಬೇಕು. ಅದಕ್ಕೆ ಜೆಇಇ ಕಡ್ಡಾಯವಲ್ಲ, ಅವರದೇ ಅರ್ಹತಾ ಪರೀಕ್ಷೆ (ಕ್ವಾಲಿಫೈಯರ್) ಇದೆ. ಎರಡು ಡಿಗ್ರಿ ಒಟ್ಟಿಗೆ ಮಾಡಲು ಯುಜಿಸಿ 2022ರಲ್ಲೇ ಒಪ್ಪಿದೆ. ಮನೆಯ ಆದಾಯ ಕಡಿಮೆ ಇದ್ದವರಿಗೆ ಐಐಟಿ ಮದ್ರಾಸಿನವರು ಆ ಬಿಎಸ್ ಫೀಯಲ್ಲಿ ದೊಡ್ಡ ರಿಯಾಯಿತಿ ಕೊಡುತ್ತಾರೆ, ಪ್ರಮಾಣಪತ್ರ ಜೊತೆಗಿಡಿ. ಆದರೆ ಮೊದಲ ವರ್ಷ ಬಿಎಸ್ಸಿಯನ್ನಷ್ಟೇ ಹಿಡಿಯಿರಿ. ಕ್ಯಾಲ್ಕುಲಸ್ ಕೈಗೆ ಕೂತ ಮೇಲೆ ಉಳಿದದ್ದು. ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಗಳನ್ನು ದಿನಾ ನೋಡುತ್ತೀರಲ್ಲ, ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿನ ಶಕ್ತಿ ಎಂಟರಷ್ಟಾಗುತ್ತದೆ. ಯಾಕೆ ಅಂತ ಫಿಸಿಕ್ಸ್ ಪುಸ್ತಕದಿಂದ ತೆಗೆದು ನನಗೆ ಬರೆದು ಕಳಿಸಿ.

ಪ್ರಶ್ನೆ: ಹತ್ತನೇ ತನಕ ಕನ್ನಡ ಮಾಧ್ಯಮ. ಈಗ ಪಿಯು ಮೊದಲ ವರ್ಷ. ಜೆಇಇ ಕನ್ನಡದಲ್ಲಿ ಬರೆಯಬಹುದಾ?
— ಕುಂದಗೋಳ

ಉತ್ತರ: ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಇದೆ. ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್, ಹಿಂದಿಯಲ್ಲಿ. ಮುಂದೆ ಕ್ಲಾಸುಗಳೂ ಇಂಗ್ಲಿಷಿನಲ್ಲೇ. ಹಾಗಾಗಿ ಅಡ್ವಾನ್ಸ್ಡ್‌ನ ಆಸೆ ಇದ್ದರೆ ಅಭ್ಯಾಸವೂ ಇಂಗ್ಲಿಷಿನಲ್ಲೇ ಇರಲಿ. ದಿನಕ್ಕೆ ಎನ್‌ಸಿಇಆರ್‌ಟಿಯ ಎರಡು ಪುಟ ಗಟ್ಟಿಯಾಗಿ ಓದಿ, ಅರ್ಥವಾದದ್ದನ್ನು ತಂಗಿಗೋ ಗೆಳೆಯನಿಗೋ ಕನ್ನಡದಲ್ಲಿ ಹೇಳಿ. ಎಲ್ಲಿ ಮಾತು ನಿಲ್ಲುತ್ತದೋ ಆ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಮರುದಿನ ನಿಮ್ಮ ಲೆಕ್ಚರರ್ ಹತ್ತಿರ ಒಯ್ಯಿರಿ.