ಕೇಳಿದ್ದಕ್ಕೆ ಹೇಳಿದ್ದು: ಸ್ಟಿಯರಿಂಗ್ ಹಿಡಿದವರಿಗೆ ಇಂಗ್ಲಿಷ್ ಪರೀಕ್ಷೆ

ಪಶ್ಚಿಮ ಲಂಡನ್ನಿನಲ್ಲಿ ವಯಸ್ಕರಿಗೆ ಇಂಗ್ಲಿಷ್ ಕಲಿಸುವ ನನ್ನ ಸಂಜೆ ತರಗತಿಯಲ್ಲಿ ಅರ್ಧಕ್ಕರ್ಧ ಮಂದಿ ಟ್ಯಾಕ್ಸಿ ಓಡಿಸುವವರು ಎಂದು ಕಳೆದ ಸಂಚಿಕೆಯಲ್ಲಿ ಮಾತಿನ ಮಧ್ಯೆ ಬರೆದಿದ್ದೇ ತಡ, ಪತ್ರಗಳು ಬಂದು ಬಿದ್ದವು. ಎಲ್ಲಕ್ಕೂ ಉತ್ತರಿಸಲು ಪುಟ ಸಾಲದು. ಕೆಲವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮಗಳ ಮನೆಗೆಂದು ಲಂಡನ್ನಿಗೆ ಬಂದಾಗ ವಿಮಾನ ನಿಲ್ದಾಣದಿಂದ ನಮ್ಮನ್ನು ಕರೆದೊಯ್ದ ಚಾಲಕ, ಇಷ್ಟು ವರ್ಷ ಗಾಡಿ ಓಡಿಸಿದ ಮೇಲೆ ಇಂಗ್ಲಿಷ್ ಪರೀಕ್ಷೆ ಕೊಡಬೇಕಾಯಿತು ಎಂದು ಅಲವತ್ತುಕೊಂಡ. ಚೆನ್ನಾಗಿ ಗಾಡಿ ಓಡಿಸುವವನಿಗೆ ಇದೇನು ಶಿಕ್ಷೆ? ಹೊರಗಿನವರನ್ನು ದೂರ ಇಡುವ ಹುನ್ನಾರವಲ್ಲವೇ?
— ನಿವೃತ್ತ ಮುಖ್ಯೋಪಾಧ್ಯಾಯರು, ಚನ್ನರಾಯಪಟ್ಟಣ

ಉತ್ತರ: ಹುನ್ನಾರ ಎಂದು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ ಸರ್. ಶಿಕ್ಷೆ ಎಂಬುದನ್ನು ಅರ್ಧ ಒಪ್ಪುತ್ತೇನೆ.

ಲಂಡನ್ನಿನಲ್ಲಿ ಟ್ಯಾಕ್ಸಿ ಎಂದರೆ ಎರಡು ಬಗೆ. ರಸ್ತೆಯಲ್ಲಿ ಕೈ ಬೀಸಿದರೆ ನಿಲ್ಲುವ ಕಪ್ಪು ಟ್ಯಾಕ್ಸಿ ಒಂದು. ಮೊದಲೇ ಕಾಯ್ದಿರಿಸಿದರೆ ಮಾತ್ರ ಬರುವ ಖಾಸಗಿ ಬಾಡಿಗೆ ಗಾಡಿ ಇನ್ನೊಂದು. ಊಬರ್, ಬೋಲ್ಟ್ ಮುಂತಾದವೆಲ್ಲ ಈ ಎರಡನೆಯ ಬಗೆ. ಕಪ್ಪು ಟ್ಯಾಕ್ಸಿಯವರು 1865ರಿಂದ ನಡೆದು ಬಂದಿರುವ ‘ನಾಲೆಜ್’ ಎಂಬ ಪರೀಕ್ಷೆ ಗೆಲ್ಲಬೇಕು. ಚೇರಿಂಗ್ ಕ್ರಾಸ್‌ನಿಂದ ಆರು ಮೈಲಿಯೊಳಗಿನ ಸುಮಾರು 25,000 ಬೀದಿಗಳು ತಲೆಯಲ್ಲಿರಬೇಕು, ಪರೀಕ್ಷಕರ ಎದುರು ಕುಳಿತು ಅವರು ಹೇಳಿದ ಜಾಗದಿಂದ ಹೇಳಿದ ಜಾಗಕ್ಕೆ ಹೋಗುವ ದಾರಿಯನ್ನು ತಿರುವು ತಿರುವಾಗಿ ಇಂಗ್ಲಿಷಿನಲ್ಲೇ ಒಪ್ಪಿಸಬೇಕು. ಇದಕ್ಕೆ ಮೂರು ನಾಲ್ಕು ವರ್ಷ ಹಿಡಿಯುವುದು ಸಾಮಾನ್ಯ. ಅಷ್ಟು ಮಾತಾಡಿ ಗೆದ್ದು ಬಂದವರಿಗೆ ಬೇರೆ ಭಾಷಾ ಪರೀಕ್ಷೆ ಬೇಡವೆಂದು ಬಿಟ್ಟಿದ್ದಾರೆ. ಖಾಸಗಿ ಬಾಡಿಗೆಯವರಿಗೆ ಮಾತ್ರ ನಗರದ ಸಾರಿಗೆ ಸಂಸ್ಥೆಯಾದ ಟಿ.ಎಫ್.ಎಲ್. 2016ರಲ್ಲಿ ಹೊಸ ನಿಯಮ ತಂದಿತು: ಮಾತಾಡುವುದು, ಕೇಳಿ ತಿಳಿಯುವುದು, ಓದುವುದು, ಬರೆಯುವುದು ನಾಲ್ಕರಲ್ಲೂ ಬಿ1 ಮಟ್ಟ ಇರಬೇಕು. ಯುರೋಪಿನ ಭಾಷಾ ಅಳತೆಯಲ್ಲಿ ಆರು ಮೆಟ್ಟಿಲುಗಳಿವೆ, ಬಿ1 ಮೂರನೆಯದು. ತಪ್ಪುಗಳಿದ್ದರೂ ದಿನದ ವ್ಯವಹಾರ ನಿಭಾಯಿಸಬಲ್ಲ ಮಟ್ಟ ಎನ್ನಬಹುದು.

ಊಬರ್ ಹೈಕೋರ್ಟಿಗೆ ಹೋಯಿತು. ಮಾತಿನ ಪರೀಕ್ಷೆಗೆ ತಕರಾರಿಲ್ಲ, ಪ್ರಬಂಧ ಬರೆಯುವುದಕ್ಕೂ ಪ್ರಯಾಣಿಕರನ್ನು ಮನೆ ಮುಟ್ಟಿಸುವುದಕ್ಕೂ ಏನು ಸಂಬಂಧ ಎಂಬುದು ಅದರ ವಾದ. ಸುಮಾರು 33,000 ಚಾಲಕರು ತೇರ್ಗಡೆಯಾಗಲಾರರು ಎಂಬ ಅಂದಾಜು ಆ ವ್ಯಾಜ್ಯದಲ್ಲಿ ಕೇಳಿಬಂತು. 2017ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ಮಿಟಿಂಗ್ ಅವರು ಭಾಷೆಯ ವಿಷಯದಲ್ಲಿ ಸಾರಿಗೆ ಸಂಸ್ಥೆಯ ಪರವಾಗಿಯೇ ತೀರ್ಪು ಕೊಟ್ಟರು. ಆಮೇಲೆ ಗಡುವು ಒಂದಲ್ಲ ಎರಡಲ್ಲ, ಹಲವು ಸಲ ಮುಂದೆ ಹೋಯಿತು. ನಿಮ್ಮ ಚಾಲಕ ವರ್ಷಗಟ್ಟಲೆ ಆ ತೂಗುಗತ್ತಿಯ ಕೆಳಗೇ ಗಾಡಿ ಓಡಿಸಿರಬೇಕು.

ಇನ್ನು ನನ್ನ ತರಗತಿಗೆ ಬನ್ನಿ. ನಾವು ಕುರ್ಚಿಗಳನ್ನು ಕಾರಿನಂತೆ ಜೋಡಿಸಿಕೊಂಡು ಅಭ್ಯಾಸ ಮಾಡುತ್ತೇವೆ. ನಾನು ಹಿಂದಿನ ಕುರ್ಚಿಯ ಪ್ರಯಾಣಿಕಳು. “ಅಮ್ಮನಿಗೆ ಎದೆನೋವು, ಆಸ್ಪತ್ರೆಯ ಮುಂಬಾಗಿಲಿಗೆ ಬೇಡ, ಹಿಂದಿನ ರಸ್ತೆಯಲ್ಲಿರುವ ತುರ್ತು ವಿಭಾಗಕ್ಕೆ ಬಿಡಿ” ಎಂದು ಗಡಿಬಿಡಿಯಲ್ಲಿ ಹೇಳುತ್ತೇನೆ. ಸ್ಟಿಯರಿಂಗ್ ಹಿಡಿದಂತೆ ಕೈ ಚಾಚಿ ಕುಳಿತಿದ್ದ ಸೊಮಾಲಿಯಾದ ಹಿರಿಯರೊಬ್ಬರು “ಎಸ್ ಮೇಡಂ” ಎಂದರು. ಎಲ್ಲಿಗೆ ಬಿಡುತ್ತೀರಿ ಎಂದು ಕೇಳಿದರೆ “ಹಾಸ್ಪಿಟಲ್, ಫ್ರಂಟ್” ಎಂದರು. ನನ್ನ ಇಡೀ ವಾಕ್ಯದಲ್ಲಿ ಅವರ ಕಿವಿಗೆ ಸಿಕ್ಕಿದ್ದು ಅವೆರಡೇ ಪದ. ಪ್ರಯಾಣಿಕರು ಏನೇ ಕೇಳಿದರೂ ಎಸ್ ಎನ್ನುವುದು ಕೆಲಸ ಉಳಿಸಿಕೊಳ್ಳಲು ಅವರು ಕಂಡುಕೊಂಡ ಉಪಾಯ. ಬಹುತೇಕ ದಿನ ಅದು ನಡೆದುಹೋಗುತ್ತದೆ, ಏಕೆಂದರೆ ನಕ್ಷೆ ದಾರಿ ತೋರಿಸುತ್ತದೆ. ನಡೆಯದ ಒಂದು ದಿನ ಹಿಂದಿನ ಸೀಟಿನಲ್ಲಿರುವವರ ಗತಿ ಏನು? ಅದಕ್ಕಾಗಿ ನಾನು ಮಾತಿನ ಪರೀಕ್ಷೆಯ ಪರ. ಕೆಲವು ವಾರಗಳ ಬಳಿಕ ಅದೇ ಹಿರಿಯರು, ನಾನು ಮಾತು ಮುಗಿಸುವ ಮೊದಲೇ, “ಯಾವ ಬಾಗಿಲು ಮೇಡಂ?” ಎಂದು ತಿರುಗಿ ಕೇಳಿದರು. ನನ್ನ ಪಾಲಿಗೆ ಅವರು ಆ ಕ್ಷಣವೇ ತೇರ್ಗಡೆ.

ಆದರೆ ಅದೇ ಮನುಷ್ಯನಿಗೆ ಬರಹದ ಅಭ್ಯಾಸ ಪತ್ರಿಕೆ ಕೊಟ್ಟರೆ ಕೈ ನಡುಗುತ್ತದೆ. ಈಗ ಲಂಡನ್ನಿನಲ್ಲಿ ಎಸ್.ಇ.ಆರ್.ಯು. ಎಂಬ ಇನ್ನೊಂದು ಪರೀಕ್ಷೆಯೂ ಇದೆ, ಕಂಪ್ಯೂಟರ್ ಮುಂದೆ ಕುಳಿತು ಮಾಡುವಂಥದ್ದು. ಚಾಲಕರ ಕೈಪಿಡಿಯಲ್ಲಿರುವ ಸುರಕ್ಷತೆ, ಸಮಾನತೆ, ನಿಯಮಗಳ ಬಗ್ಗೆ ಪ್ರಶ್ನೆಗಳು. ವಿಷಯ ಒಳ್ಳೆಯದೇ. ಅಂಧರ ಜೊತೆಗಿರುವ ಸಹಾಯಕ ನಾಯಿಯನ್ನು ಹತ್ತಿಸಿಕೊಳ್ಳಲು ನಿರಾಕರಿಸುವಂತಿಲ್ಲ, ಅದಕ್ಕೆ ಹೆಚ್ಚಿನ ದುಡ್ಡನ್ನೂ ಕೇಳುವಂತಿಲ್ಲ ಎಂಬುದು ಪ್ರತಿ ಚಾಲಕನಿಗೂ ಗೊತ್ತಿರಲೇಬೇಕು. ಆದರೆ ಕೈಪಿಡಿಯ ವಾಕ್ಯ ಕೊಟ್ಟು ಬಿಟ್ಟ ಸ್ಥಳ ತುಂಬಿ ಎನ್ನುವ ಭಾಗವೂ ಅದರಲ್ಲಿದೆ. ಅಡುಗೆಯವನ ಕೈರುಚಿ ನೋಡದೆ ಪಾಕಶಾಸ್ತ್ರದ ಪುಸ್ತಕ ಒಪ್ಪಿಸು ಎಂದ ಹಾಗೆ. ನಾಯಿಯನ್ನು ಎಂದೂ ಬಿಟ್ಟು ಹೋಗದವರು ಅಲ್ಲಿ ಮುಗ್ಗರಿಸುವುದನ್ನು ಕಂಡಿದ್ದೇನೆ, ಕೈಪಿಡಿ ಉರುಹೊಡೆದ ಹುಡುಗರು ಸಲೀಸಾಗಿ ದಾಟುವುದನ್ನೂ ಕಂಡಿದ್ದೇನೆ. ಫಲಕ, ವಿಳಾಸ, ಮೊಬೈಲ್ ಸಂದೇಶ ಓದಲು ಬಂದರೆ ಓದಿನ ಮಟ್ಟಿಗೆ ಸಾಕು. ಬರಹದ ಪರೀಕ್ಷೆಯನ್ನು ತೆಗೆದುಹಾಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಶುಲ್ಕವೂ ಚಾಲಕನದೇ, ಪರೀಕ್ಷೆಯ ದಿನ ಕಳೆದುಕೊಂಡ ದುಡಿಮೆಯೂ ಅವನದೇ. ಗಾಡಿ ನಿಂತಿದ್ದರೂ ಅದರ ವಾರದ ಬಾಡಿಗೆ ನಿಲ್ಲುವುದಿಲ್ಲ.

ತಮಾಷೆ ನೋಡಿ, ಲಂಡನ್ ಪರೀಕ್ಷೆ ತಂದ ಅದೇ 2016ರಲ್ಲಿ ನ್ಯೂಯಾರ್ಕ್ ನಗರ ಹಳದಿ ಟ್ಯಾಕ್ಸಿಯವರಿಗಿದ್ದ ಇಂಗ್ಲಿಷ್ ಪರೀಕ್ಷೆಯನ್ನು ಕೈಬಿಟ್ಟಿತು. ಆ್ಯಪ್ ಗಾಡಿಯವರಿಗೆ ಆ ಪರೀಕ್ಷೆ ಇರಲಿಲ್ಲ, ಹಳದಿಯವರಿಗೆ ಇತ್ತು. ಎರಡಕ್ಕೂ ಒಂದೇ ಪರವಾನಗಿ ಮಾಡುವಾಗ ಪರೀಕ್ಷೆಯೇ ಹೋಯಿತು. ಅಲ್ಲಿನ ಟ್ಯಾಕ್ಸಿ ಚಾಲಕರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಹೊರದೇಶದಲ್ಲಿ ಹುಟ್ಟಿದವರು. ಇಷ್ಟಾದರೂ ಆ ಊರಿನ ಟ್ಯಾಕ್ಸಿಗಳು ಇಂದಿಗೂ ಜನರನ್ನು ಹೊತ್ತು ಓಡುತ್ತಲೇ ಇವೆ.

ಪ್ರಶ್ನೆ: ನಾನು ಏಳನೆಯ ತರಗತಿ ಓದಿದವನು. ವೈಟ್‌ಫೀಲ್ಡ್, ಮಾರತ್ತಹಳ್ಳಿ ಕಡೆ ಕ್ಯಾಬ್ ಓಡಿಸುತ್ತೇನೆ. ಇಂಗ್ಲಿಷಿನಲ್ಲಿ ಉತ್ತರ ಕೊಡಲಿಲ್ಲ ಎಂದು ಕೆಲವರು ಸ್ಟಾರ್ ಕಡಿಮೆ ಹಾಕುತ್ತಾರೆ. ಇಲ್ಲಿಯೂ ಇಂಗ್ಲಿಷ್ ಪರೀಕ್ಷೆ ಬರುತ್ತದೆಯೇ? ಬಂದರೆ ನಮ್ಮಂಥವರು ಏನು ಮಾಡಬೇಕು?
— ಕ್ಯಾಬ್ ಚಾಲಕ, ಬೆಂಗಳೂರು

ಉತ್ತರ: ನಮ್ಮ ದೇಶದ ಕಾನೂನು ಈಚೆಗೆ ನಡೆದಿರುವುದು ಇದಕ್ಕೆ ತೀರಾ ಎದುರು ದಿಕ್ಕಿನಲ್ಲಿ. ಸಾರಿಗೆ ವಾಹನ ಓಡಿಸಲು ಎಂಟನೆಯ ತರಗತಿ ಓದಿರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇತ್ತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ತೆಗೆಯಲು ತೀರ್ಮಾನಿಸಿತು. ಹರಿಯಾಣದ ಮೇವಾತ್ ಭಾಗದಲ್ಲಿ ಗಾಡಿ ಓಡಿಸಲು ಬಂದರೂ ಶಾಲೆಯ ಕಾಗದ ಇಲ್ಲದವರು ಬಹಳ ಮಂದಿ ಇದ್ದಾರೆ ಎಂಬ ಮನವಿ ಅದಕ್ಕೆ ಒಂದು ಕಾರಣ. ಶಾಲೆಯ ಕಾಗದವೇ ಬೇಡವೆಂದ ಸರ್ಕಾರ ನಾಳೆ ಇಂಗ್ಲಿಷಿನ ಕಾಗದ ಕೇಳುತ್ತದೆಂದು ನನಗೆ ತೋರುವುದಿಲ್ಲ.

ಆದರೆ ನಿಮ್ಮನ್ನು ಈಗಾಗಲೇ ಒಂದು ಪರೀಕ್ಷೆಗೆ ಕೂರಿಸಿದ್ದಾರಲ್ಲ! ಪಠ್ಯವಿಲ್ಲ, ಪರೀಕ್ಷಕ ಯಾರೆಂದು ಗೊತ್ತಿಲ್ಲ, ಮರುಮೌಲ್ಯಮಾಪನವೂ ಇಲ್ಲ. ಹಿಂದಿನ ಸೀಟಿನಲ್ಲಿ ಕುಳಿತವರು ಮನೆ ತಲುಪಿದ ಮೇಲೆ ಬೆರಳಲ್ಲಿ ಒತ್ತುವ ಆ ನಕ್ಷತ್ರಗಳಿಗಿಂತ ಲಂಡನ್ನಿನ ಪರೀಕ್ಷೆಯೇ ನ್ಯಾಯವಾದದ್ದು. ಅಲ್ಲಿ ಅನುತ್ತೀರ್ಣನಾದರೆ ಯಾವುದರಲ್ಲಿ ಎಂದಾದರೂ ತಿಳಿಯುತ್ತದೆ. ಕನ್ನಡ ನಾಡಿನ ರಾಜಧಾನಿಯಲ್ಲಿ ಕನ್ನಡದಲ್ಲಿ ಉತ್ತರ ಕೊಟ್ಟವನ ಅಂಕ ಕತ್ತರಿಸುವವರ ಬಗ್ಗೆ ನನಗೆ ಇನ್ನೂ ಖಾರವಾದ ಮಾತುಗಳಿವೆ, ಸಂಪಾದಕರು ಹೊಡೆದುಹಾಕುತ್ತಾರೆಂದು ಬರೆಯುತ್ತಿಲ್ಲ.

ಇಂಗ್ಲಿಷ್ ಕಲಿಯಬೇಕೇ ಎಂದರೆ, ನಿಮ್ಮ ಸಂಪಾದನೆಗೆ ಬೇಕಾದಷ್ಟು ಕಲಿಯಿರಿ, ಅದಕ್ಕೆ ಕೋಚಿಂಗ್ ತರಗತಿಗೆ ದುಡ್ಡು ಸುರಿಯಬೇಡಿ. ನಿಮ್ಮ ದಿನದಲ್ಲಿ ನಿಜವಾಗಿ ಎಡವುವ ಜಾಗಗಳು ಕೆಲವೇ. ಅಪಾರ್ಟ್‌ಮೆಂಟಿನ ಯಾವ ಗೇಟು, ನೆಲಮಾಳಿಗೆಗೆ ಬರಬೇಕೋ ರಸ್ತೆಯಲ್ಲಿ ನಿಲ್ಲಬೇಕೋ, ಮೇಲ್ಸೇತುವೆ ಹತ್ತಬೇಕೋ ಕೆಳಗಿನ ಸರ್ವಿಸ್ ರಸ್ತೆಯೋ, ಓಟಿಪಿಯ ನಾಲ್ಕು ಅಂಕಿಗಳು. ಇವಕ್ಕೆ ಬೇಕಾದ ಪ್ರಶ್ನೆಗಳನ್ನು ಬಾಯಿಗೆ ತಂದುಕೊಳ್ಳಿ. ಉತ್ತರಕ್ಕಿಂತ ಪ್ರಶ್ನೆ ಕಲಿಯುವುದು ಸುಲಭ, ಲಾಭವೂ ಹೆಚ್ಚು. ಅರ್ಥವಾಗದಿದ್ದರೆ ಆಗಲಿಲ್ಲ, ಇನ್ನೊಮ್ಮೆ ನಿಧಾನವಾಗಿ ಹೇಳಿ ಎನ್ನಲು ಸಂಕೋಚ ಬೇಡ. ಲಂಡನ್ನಿನ ಚಾಲಕರಿಗೆ ನಾನು ಮೊದಲ ದಿನ ಕಲಿಸುವುದೂ ಅದನ್ನೇ.

ಪ್ರಶ್ನೆ: ಅಲ್ಲಿ ಇಂಗ್ಲಿಷ್ ಕಡ್ಡಾಯವಾದರೆ ಬೆಂಗಳೂರಿನಲ್ಲಿ ಕನ್ನಡ ಪರೀಕ್ಷೆ ಏಕಿರಬಾರದು? ಹೊರರಾಜ್ಯದ ಚಾಲಕರಿಗೆ ಬ್ಯಾಡ್ಜ್ ಕೊಡುವ ಮೊದಲೇ ಪರೀಕ್ಷಿಸಲಿ.
— ಪದವಿ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಇರಬಹುದು, ಆದರೆ ಮಹಾರಾಷ್ಟ್ರದ ಪಾಡನ್ನು ನೋಡಿ ಮುಂದುವರಿಯಬೇಕು. ಆಟೊ ಪರ್ಮಿಟ್ ಬೇಕಾದವರಿಗೆ ಮರಾಠಿ ಬರಬೇಕು ಎಂದು ಅಲ್ಲಿನ ಸರ್ಕಾರ 2016ರಲ್ಲಿ ಸುತ್ತೋಲೆ ಹೊರಡಿಸಿತು. ಬಾಂಬೆ ಹೈಕೋರ್ಟ್ 2017ರಲ್ಲಿ ಅದನ್ನು ರದ್ದುಪಡಿಸಿತು. ಮೇಲೆ ಹೇಳಿದ ಲಂಡನ್ ತೀರ್ಪು ಬಂದದ್ದೂ ಅದೇ ವರ್ಷ. ಒಂದು ಕಡೆ ಭಾಷಾ ಪರೀಕ್ಷೆ ಉಳಿಯಿತು, ಇನ್ನೊಂದು ಕಡೆ ಬಿತ್ತು. ಬೆನ್ನಿಗೆ ನಿಯಮದ ಬಲವಿಲ್ಲದೆ ಸುತ್ತೋಲೆಯನ್ನು ನೆಚ್ಚಿಕೊಂಡರೆ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ಹಾಗೆ ಮಾಡುವುದಾದರೆ ನನ್ನ ಷರತ್ತು ಲಂಡನ್ನಿಗೂ ಬೆಂಗಳೂರಿಗೂ ಒಂದೇ. ಬಾಯಿಮಾತಿನ ಪರೀಕ್ಷೆ ಇರಲಿ, ಕೆಲಸಕ್ಕೆ ಬೇಕಾದ ಮಾತಷ್ಟೇ ಇರಲಿ, ಕಲಿಯಲು ಉಚಿತ ತರಗತಿಯೂ ಕಾಲಾವಕಾಶವೂ ಮೊದಲು ಸಿಗಲಿ. ಒತ್ತಕ್ಷರ ತಪ್ಪಿತೆಂದು ಬಿಹಾರದಿಂದ ಬಂದವನನ್ನು ಮನೆಗೆ ಕಳಿಸಬೇಡಿ. ನಮ್ಮಲ್ಲೇ ಪದವೀಧರರು ಅಲ್ಪಪ್ರಾಣ ಮಹಾಪ್ರಾಣ ತಪ್ಪುತ್ತಾರೆ.

ಇನ್ನೊಂದು ಮಾತು. ಬೆಂಗಳೂರಿನ ಚಾಲಕರಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕನ್ನೂ ಲೀಲಾಜಾಲವಾಗಿ ಆಡುವವರು ಬೇಕಾದಷ್ಟು. ಆ ಗಾಡಿಯಲ್ಲಿ ಕನ್ನಡ ಬಾರದವರು ಹೆಚ್ಚಾಗಿ ಕುಳಿತಿರುವುದು ಹಿಂದಿನ ಸೀಟಿನಲ್ಲಿ. ಅವರಿಗೆ ಪರೀಕ್ಷೆ ಇಡಲು ಬರುವುದಿಲ್ಲವಾದ್ದರಿಂದ, ಸಣ್ಣ ಸಣ್ಣ ಕನ್ನಡ ವಾಕ್ಯಗಳ ಫಲಕವನ್ನು ತಮ್ಮ ಸೀಟಿನ ಹಿಂದೆ ತೂಗುಹಾಕಿ ಪ್ರಯಾಣಿಕರಿಗೇ ಪಾಠ ಮಾಡಲು ಹೊರಟ ಆಟೊ ಚಾಲಕರ ಬುದ್ಧಿವಂತಿಕೆಗೆ ನಾನು ತಲೆದೂಗುತ್ತೇನೆ.

ಪ್ರಶ್ನೆ: ಮೊಬೈಲ್ ಈಗ ಕ್ಷಣದಲ್ಲಿ ಅನುವಾದಿಸುತ್ತದೆ. ಇನ್ನೂ ಭಾಷಾ ಪರೀಕ್ಷೆ ಏಕೆ?
— ಸಾಫ್ಟ್‌ವೇರ್ ಎಂಜಿನಿಯರ್, ಮೈಸೂರು

ಉತ್ತರ: ಗಾಡಿ ಓಡುತ್ತಿರುವಾಗ ಮೊಬೈಲನ್ನು ಕೈಯಲ್ಲಿ ಹಿಡಿದರೆ ಬ್ರಿಟನ್ನಿನಲ್ಲಿ 200 ಪೌಂಡ್ ದಂಡ, ಲೈಸೆನ್ಸ್ ಮೇಲೆ ಆರು ಕಪ್ಪುಚುಕ್ಕೆ. ಹನ್ನೆರಡು ಆದರೆ ಸಾಮಾನ್ಯವಾಗಿ ಲೈಸೆನ್ಸೇ ಅಮಾನತು. ನಿಂತ ಗಾಡಿಯಲ್ಲಿ ಅನುವಾದದ ಆ್ಯಪ್ ಉಪಯುಕ್ತ, ನನ್ನ ವಿದ್ಯಾರ್ಥಿಗಳೂ ಬಳಸುತ್ತಾರೆ. ಆದರೆ ಲಂಡನ್ನಿನ ಊರುಕೇರಿಗಳ ಹೆಸರಿನ ಮುಂದೆ ಅದೂ ಬೆವರುತ್ತದೆ. ಸೌತ್‌ವಾರ್ಕ್ ಎಂದು ಬರೆದು ಸದಕ್ ಎನ್ನುತ್ತಾರೆ, ಹಾಲ್‌ಬಾರ್ನ್ ಎಂದು ಬರೆದದ್ದು ಹೋಬನ್ ಆಗುತ್ತದೆ. ರಾತ್ರಿ ಎರಡು ಗಂಟೆಗೆ ಕುಡಿದ ಪ್ರಯಾಣಿಕ ಅದನ್ನು ಹೇಳುವ ರೀತಿಯಂತೂ ಆ ದೇವರಿಗೇ ಪ್ರೀತಿ.

ಪ್ರಶ್ನೆ: ನನ್ನ ತಮ್ಮ ಎಂ.ಎಸ್ಸಿ. ಓದಲು ಇಂಗ್ಲೆಂಡಿಗೆ ಹೋಗಿದ್ದಾನೆ. ಇಂಗ್ಲಿಷ್ ಸಲೀಸು, ಊರಿನ ಡ್ರೈವಿಂಗ್ ಲೈಸೆನ್ಸ್ ಇದೆ. ಬಿಡುವಿನಲ್ಲಿ ಕ್ಯಾಬ್ ಓಡಿಸಿದರೆ ಖರ್ಚಿಗೆ ಆದೀತೇ?
— ಗೃಹಿಣಿ, ದಾವಣಗೆರೆ

ಉತ್ತರ: ಬೇಡವೇ ಬೇಡ. ಅವನ ದಾರಿಗೆ ಅಡ್ಡವಾಗಿರುವುದು ಇಂಗ್ಲಿಷ್ ಅಲ್ಲವೇ ಅಲ್ಲ, ವೀಸಾ. ವಿದ್ಯಾರ್ಥಿ ವೀಸಾದವರು ಸ್ವಂತ ಉದ್ಯೋಗ ಮಾಡುವಂತಿಲ್ಲ, ಆ್ಯಪ್ ಟ್ಯಾಕ್ಸಿ ಸಾಮಾನ್ಯವಾಗಿ ಆ ಲೆಕ್ಕಕ್ಕೇ ಬರುತ್ತದೆ. ಊರಿನ ಲೈಸೆನ್ಸಿನಲ್ಲಿ ಅಲ್ಲಿ ಒಂದು ವರ್ಷ ಸ್ವಂತಕ್ಕೆ ಕಾರು ಓಡಿಸಬಹುದು, ಬಾಡಿಗೆಗೆ ಸಾಲದು. ಲಂಡನ್ನಿನಲ್ಲಾದರೆ ಅಲ್ಲಿನ ಲೈಸೆನ್ಸ್ ಪಡೆದು ಮೂರು ವರ್ಷ ಕಳೆದಿರಬೇಕು. ಲಂಡನ್ನಿನ ಹೊರಗೆ ಟ್ಯಾಕ್ಸಿ ಪರವಾನಗಿ ಕೊಡುವುದು ಆಯಾ ಊರಿನ ಕೌನ್ಸಿಲ್, ನಿಯಮಗಳೂ ಊರಿಗೊಂದು. ಚಾಲಕರ ಇಂಗ್ಲಿಷ್ ಮಾತು, ಬರಹ ಎರಡನ್ನೂ ಪರೀಕ್ಷಿಸಿ ಎಂದು ಅಲ್ಲಿನ ಸಾರಿಗೆ ಇಲಾಖೆ 2020ರಲ್ಲಿ ಕೌನ್ಸಿಲ್‌ಗಳಿಗೆ ಸೂಚಿಸಿದೆ.

ಪದವಿ ಓದುವವರಿಗೆ ಕಾಲೇಜು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಯವರೆಗೆ ಅಂಗಡಿ, ಹೋಟೆಲ್, ಗೋದಾಮುಗಳಲ್ಲಿ ಸಂಬಳದ ಕೆಲಸಕ್ಕೆ ಸಾಮಾನ್ಯವಾಗಿ ಅವಕಾಶವಿದೆ, ಅದನ್ನು ಹುಡುಕಿಕೊಳ್ಳಲಿ. ಇನ್ನೊಬ್ಬರ ಖಾತೆಯಲ್ಲಿ ಗಾಡಿ ಓಡಿಸು, ಬಂದದ್ದರಲ್ಲಿ ಪಾಲು ಕೊಡು ಎಂದು ಪುಸಲಾಯಿಸುವವರು ವಿದ್ಯಾರ್ಥಿಗಳಿಗೆ ಬೇಗ ಸಿಗುತ್ತಾರೆ. ಅವರ ಹತ್ತಿರ ಸುಳಿಯಬೇಡ ಎಂದು ಇವತ್ತೇ ಫೋನ್ ಮಾಡಿ ಹೇಳಿ. ಸಿಕ್ಕಿಬಿದ್ದರೆ ವೀಸಾಕ್ಕೆ ಕುತ್ತು, ಡಿಕ್ಕಿಯಾದರೆ ವಿಮೆಯೂ ನಿಲ್ಲುವುದಿಲ್ಲ.